ತತ್ತಿ ಜೋಡಿ

ಜನವರಿ ೬, ಸೋಮವಾರ

ರಾಯಚೂರಿಗೆ ಬಂದು ಮುಟ್ಟಿದೆ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಹೇಳಿದ ಬುದ್ಧಿಮಾತು ಒಂದೇ. ಆದರೆ ಬಸ್ಸು ಹೊರಡುವವರೆಗೂ ಅದನ್ನೇ ಹೇಳಿದಳು. “ಯಾರ ನೀರಿನ ಬಾಟ್ಲಿನೂ ಮುಟ್ಟಬ್ಯಾಡ ದುರ್ಗಿ. ಮುಟ್ಟಿದ್ರ ಆಟ ಬಿಟ್ಟು ಅದೊಂದ ಮಾತಾಗ್ತದ.” ನನ್ನ ಬಾಟಲಿಯ ಕೊರಳಿಗೆ ತಾನೇ ಕೆಂಪು ದಾರ ಕಟ್ಟಿಕೊಟ್ಟಳು. ನಾನು ಬೇರೆಯವರದನ್ನು ಮುಟ್ಟುವುದು ಹಾಗಿರಲಿ, ಅವರು ಗೊತ್ತಿಲ್ಲದೆ ನನ್ನದನ್ನು ಕುಡಿದು ಆಮೇಲೆ ಮುಖ ಸಿಂಡರಿಸಬಾರದಲ್ಲ.

ಇದು ಸಂಬಳ ಕೊಟ್ಟು ಆಡಿಸುವ ಕಬಡ್ಡಿ. ಹೆಣ್ಣುಮಕ್ಕಳ ಲೀಗ್. ಹರಾಜಿನಲ್ಲಿ ನನ್ನ ಹೆಸರು ಬಂದದ್ದು ಎಲ್ಲರೂ ಚಹಾಕ್ಕೆ ಎದ್ದ ಹೊತ್ತಿಗೆ. ಎದ್ದು ನಿಂತವರ ನಡುವೆ ಮೆಹಬೂಬ್ ಪಾಷಾ ಸರ್ ಒಬ್ಬರೇ ಕೈ ಎತ್ತಿದರಂತೆ. ಅವರು ಈ ತಂಡದ ತರಬೇತುದಾರರು. ಕರಾರು ಒಂದೇ ಸೀಸನ್ನಿನದು. ಆಡಿ ತೋರಿಸದಿದ್ದರೆ ಮತ್ತೆ ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗುವುದೇ.

ರೂಮಿನಲ್ಲಿ ಜೊತೆಗಿರುವವಳು ಕಹಕಶಾನ್. ಇದೇ ಊರಿನವಳು, ರೈಡರ್. ನಾನು ಚೀಲ ಇಳಿಸುವ ಮೊದಲೇ ಸುದ್ದಿ ಹೇಳಿದಳು. ಹೋದ ವರ್ಷ ಮಟಮಾರಿಯಿಂದ ರೇಣುಕಾ ಅಂತ ಒಬ್ಬಳು ಬಂದಿದ್ದಳಂತೆ. ನನ್ನ ಹಾಗೆ ಮಾದಿಗರ ಕೇರಿಯವಳೇ. ಬೆಂಚಿನ ಮೇಲೆ ಕೂತು ಕೂತು ಅರ್ಧಕ್ಕೇ ಮನೆಗೆ ಹೋದಳಂತೆ.

“ಆಡಾಕ ಬರ್ತಿರ್ಲಿಲ್ಲೇನು ಆಕಿಗೆ?” ಎಂದೆ.

“ನಿನಗಿಂತ ಛಲೋ ಆಡ್ತಿದ್ಲು,” ಎಂದಳು.

ಧೈರ್ಯ ತುಂಬಿದಳೋ ಹೆದರಿಸಿದಳೋ ತಿಳಿಯಲಿಲ್ಲ.

ಜನವರಿ ೯, ಗುರುವಾರ

ನನಗೆ ಸಿಕ್ಕಿದ್ದು ಎಡಗಡೆಯ ಕಾರ್ನರ್, ಅಂಕಣದ ತುದಿಯ ಜಾಗ. ಪಕ್ಕದಲ್ಲಿ ಕವರ್ ಆಗಿ ನಿಲ್ಲುವವಳು ಶಶಿಕಲಾ. ಪೋತ್ನಾಳದವಳು, ತಂಡದ ಕ್ಯಾಪ್ಟನ್. ಮನೆಯಲ್ಲಿ ಭತ್ತದ ಗದ್ದೆ, ಟ್ರ್ಯಾಕ್ಟರು, ಮಾತಿನಲ್ಲಿ ಬಿಗುಮಾನ. ಕಾರ್ನರ್ ಮತ್ತು ಕವರ್ ಕೈ ಕೈ ಹಿಡಿದು ನಿಲ್ಲಬೇಕು. ಎದುರು ತಂಡದ ರೈಡರ್ ಒಳಗೆ ನುಗ್ಗಿದರೆ ಆ ಕೈಗಳೇ ಹಗ್ಗ. ಹಗ್ಗ ಗಟ್ಟಿಯಿದ್ದರೆ ಅವಳು ಸಿಕ್ಕಿಬೀಳುತ್ತಾಳೆ, ಬಿಚ್ಚಿಕೊಂಡರೆ ನಡುವಿನಿಂದ ತೂರಿಕೊಂಡು ಹೋಗುತ್ತಾಳೆ.

ಅಭ್ಯಾಸದ ಕೊನೆಕೊನೆಗೆ ನೋಡುತ್ತೇನೆ, ಶಶಿಕಲಾ ಹಿಡಿದದ್ದು ನನ್ನ ಅಂಗೈಯನ್ನಲ್ಲ, ಮುಂಗೈಯನ್ನು. ಅದೂ ನಾನು ಕಟ್ಟಿಕೊಂಡಿದ್ದ ಬಟ್ಟೆಯ ಪಟ್ಟಿಯ ಮೇಲೆ. ತನ್ನ ಇನ್ನೊಂದು ಪಕ್ಕದ ಹುಡುಗಿಯ ಜೊತೆ ಅಂಗೈಗೆ ಅಂಗೈ ಸೇರಿಸಿ ಹಿಡಿಯುತ್ತಾಳೆ. ನನ್ನ ಕಣ್ಣು ಇಂಥದ್ದನ್ನು ಬಿಡುವುದಿಲ್ಲ.

ನಮ್ಮೂರಲ್ಲಿ ಗೌಡರ ಮನೆಯವರು ನೀರು ಕೊಟ್ಟರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಾರೆ. ತಂಬಿಗೆ ನಮ್ಮ ಕೈಗೆ ತಾಗುವುದಿಲ್ಲ. ಇಲ್ಲಿ ಆಟವೇ ಮುಟ್ಟುವ ಆಟ, ಮುಟ್ಟಿದರೇ ಪಾಯಿಂಟು. ಅದರಲ್ಲೂ ಮುಟ್ಟದೆ ಹಿಡಿಯುವ ದಾರಿ ಹುಡುಕಿಕೊಂಡಿದ್ದಾಳೆ ಈ ಮಹಾತಾಯಿ.

ಜನವರಿ ೧೯, ಭಾನುವಾರ

ಇವತ್ತು ಮಾನ್ವಿಯಲ್ಲಿ ಒಂದು ಪ್ರದರ್ಶನ ಪಂದ್ಯ. ಅದಕ್ಕೂ ಮೊದಲು ಅಲ್ಲಿಂದ ಮುಂದಿನ ಪೋತ್ನಾಳಕ್ಕೆ ಹೋಗಿ ಶಶಿಕಲಾಳ ಮನೆಯಲ್ಲಿ ಎಲ್ಲರಿಗೂ ಊಟ. ಉಳಿದವರು ಚಪ್ಪಲಿ ಬಿಟ್ಟು ಪಡಸಾಲೆಗೆ ನುಗ್ಗಿದರು. ನಾನು ಹೊರಗಿನ ಕಟ್ಟೆಯ ಮೇಲೆಯೇ ಕೂತೆ. ಯಾರೂ ಕೂರು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅನ್ನಿಸಿಕೊಳ್ಳುವ ಮೊದಲೇ ಕೂತುಬಿಟ್ಟರೆ ಮರ್ಯಾದೆ ಉಳಿಯುತ್ತದೆ.

ಅವಳ ಅಜ್ಜಿ ಬಂದಳು. “ನೀ ಯಾರ ಪೈಕಿ ಬೇ?” ಎಂದಳು. ಹೇಳಿದೆ. ತಲೆ ಆಡಿಸಿ ಒಳಗೆ ಹೋದಳು. ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಮಜ್ಜಿಗೆ ಬಂತು, ನನಗೆ ಕಾಗದದ ಕಪ್ಪಿನಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟ ಬಹಳ ರುಚಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಶಶಿಕಲಾ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಬಂದವಳು ನನ್ನ ಕೈಯಲ್ಲಿದ್ದ ಕಾಗದದ ಕಪ್ಪನ್ನು ನೋಡಿದಳು. ನಿಂತಳು. ಬುಟ್ಟಿಯ ಸಮೇತ ಒಳಗೆ ಹೋದಳು.

ಸಂಜೆ ಪಂದ್ಯದಲ್ಲಿ ನಮ್ಮಿಬ್ಬರ ನಡುವಿನಿಂದಲೇ ರೈಡರ್ ಎರಡು ಸಲ ತೂರಿಹೋದಳು. ಸೋತೆವು. ಬಸ್ಸಿನಲ್ಲಿ ಯಾರೂ ನನ್ನ ಹೆಸರು ಹೇಳಲಿಲ್ಲ, “ಎಡಗಡಿ ಮೂಲಿ ಭಾಳ ಸಡ್ಲ ಅದ” ಎಂದು ಮಾತ್ರ ಮಾತಾಡಿಕೊಂಡರು. ಎಡಗಡೆಯ ಮೂಲೆ ಅಂದರೆ ನಾನೇ ತಾನೇ.

ಜನವರಿ ೨೫, ಶನಿವಾರ

ಬೆಂಚು.

ಲೀಗಿನ ಮೊದಲ ಪಂದ್ಯ ಕೂತೇ ನೋಡಿದೆ. ರೇಣುಕಾ ಕೂತಿದ್ದ ಜಾಗವೂ ಇದೇ ಇರಬೇಕು. ಅವ್ವ ಫೋನಿನಲ್ಲಿ ಕೇಳಿದಳು. “ಆಡಾಕತ್ತೀನಿ ಯವ್ವಾ” ಎಂದೆ.

ಜನವರಿ ೨೮, ಮಂಗಳವಾರ

ಇವತ್ತು ಬಾಯಿ ಬಿಟ್ಟೆ. ಅಭ್ಯಾಸದ ನಡುವೆಯೇ, ಎಲ್ಲರೆದುರಿಗೆ ಪಾಷಾ ಸರ್‌ಗೆ ಹೇಳಿದೆ. “ಸರ್, ಕ್ಯಾಪ್ಟನ್‌ಗೆ ನನ್ನ ಕೈ ಹಿಡಿಯಾಕ ಹೇಸಿಗಿ ಆಗ್ತದ. ಮುಂಗೈ ಹಿಡಿತಾರ. ಹಂಗ ಹಿಡಿದ್ರ ಹಗ್ಗ ಹ್ಯಾಂಗ ನಿಲ್ತದ?” ಶಶಿಕಲಾಳ ಮುಖ ಕೆಂಪಾಯಿತು.

ಸರ್ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವುದು ಹೊತ್ತಿಗೆ ಸರಿಯಾಗಿ ಬರದವರ ಮೇಲೆ ಮಾತ್ರ. “ಬಾಯಿ ಆಮ್ಯಾಲೆ ಬೇಟಿ, ಮೊದ್ಲು ಕಣ್ಣು,” ಎಂದು ಕಹಕಶಾನ್‌ಳ ಮೊಬೈಲು ತರಿಸಿದರು. ಅವಳು ಮೊದಲ ದಿನದಿಂದ ಅಭ್ಯಾಸವನ್ನೆಲ್ಲ ವಿಡಿಯೋ ಹಿಡಿದಿಟ್ಟಿದ್ದಾಳೆ. ನೆರಳಿನಲ್ಲಿ ಕೂತು ನೋಡಿದೆವು.

ಮೊದಲ ದಿನ, ಬೆಳಗ್ಗೆ. ಶಶಿಕಲಾ ನನ್ನ ಅಂಗೈಯನ್ನೇ ಹಿಡಿದಿದ್ದಾಳೆ. ಒಲ್ಲದ ಮನಸ್ಸಿನಿಂದ, ತುದಿಬೆರಳಿನಲ್ಲಿ, ಆದರೂ ಅಂಗೈಯನ್ನೇ. ಎದುರಿನಿಂದ ರೈಡರ್ ಓಡಿಬರುತ್ತಾಳೆ. ನನ್ನ ಬೆರಳು ಬಿಚ್ಚಿಕೊಳ್ಳುತ್ತವೆ, ನಾನು ಬದಿಗೆ ಸರಿಯುತ್ತೇನೆ. ಸರ್ ಮತ್ತೆ ತೋರಿಸಿದರು. ಮತ್ತೆ ಅದೇ. ಇನ್ನೊಂದು ದಿನದ್ದು, ಮತ್ತೆ ಅದೇ. ಯಾರಾದರೂ ಜೋರಾಗಿ ಎದುರಿಗೆ ಬಂದರೆ ಸಾಕು, ನನ್ನ ಕೈ ತಾನಾಗಿ ಹಿಂದಕ್ಕೆ ಬರುತ್ತದೆ.

“ನೀ ಬಿಡ್ತಿ. ಅದಕ್ಕ ಮುಂಗೈ ಹಿಡಿದೆ,” ಎಂದಳು ಶಶಿಕಲಾ. ನೆಲ ನೋಡುತ್ತಲೇ ಮುಂದುವರಿಸಿದಳು. “ಮೊದ್ಲ ದಿನ ನನ್ನ ಮನಸ್ಸಿನ್ಯಾಗೂ ಇತ್ತು. ಸುಳ್ಳು ಹೇಳಂಗಿಲ್ಲ. ಅಜ್ಜಿ ಆ ಕಪ್ ಕೊಟ್ಟಿದ್ದು ನೋಡಿ ನಂಗ ನಾಚಿಕಿ ಬಂತು, ಆದ್ರ ಬಾಯಿ ಬರ್ಲಿಲ್ಲ. ಅದು ನನ್ನ ತಪ್ಪು. ಆದ್ರ ಕೈ ಬಿಡಾಕಿ ನೀನ, ದುರ್ಗಾದೇವಿ.”

ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನಡೆಯಲು ಕಲಿತಾಗಿನಿಂದ ಊರ ಬೀದಿಯಲ್ಲಿ ಅವ್ವ ಹೇಳುತ್ತಿದ್ದದ್ದು ಒಂದೇ, “ಸರಿ, ಸರಿ, ದೊಡ್ಡವ್ರು ಬರಾಕತ್ತ್ಯಾರ.” ನನ್ನ ಕೈ ಹಿಡಿದು ಬದಿಗೆ ಎಳೆದುಕೊಂಡು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದಳು. ಡಿಗ್ರಿ ಓದಿ ತಲೆಯಿಂದ ಅದನ್ನೆಲ್ಲ ತೆಗೆದುಹಾಕಿದೆ ಅಂದುಕೊಂಡಿದ್ದೆ. ಬೆರಳು ಓದಿಲ್ಲ. ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ತಿಳಿಯುತ್ತಿಲ್ಲ. ಅವ್ವನ ಮೇಲಂತೂ ಆಗಲಾರೆ.

ಫೆಬ್ರವರಿ ೧, ಶನಿವಾರ

ಪಾಷಾ ಸರ್‌ಗೆ ತಲೆ ಕೆಟ್ಟಿದೆ. ನಾಳೆಯಿಂದ ತಂಡಕ್ಕೆ ತತ್ತಿ ತರುವ ಕೆಲಸ ನನ್ನದು ಮತ್ತು ಶಶಿಕಲಾಳದು. ಸಂಜೆ ಇಬ್ಬರೂ ತೀನ್ ಕಂದೀಲಿನ ಬಜಾರಕ್ಕೆ ನಡೆದುಕೊಂಡೇ ಹೋಗಬೇಕು, ನಡೆದುಕೊಂಡೇ ಬರಬೇಕು. ಹೋಗುವಾಗ, ಬರುವಾಗ, ಕೊಳ್ಳುವಾಗ ಕೈ ಬಿಡುವಂತಿಲ್ಲ. “ತತ್ತಿ ಒಡದ್ರ ನಡೀತದ, ಕೈ ಬಿಟ್ರ ನಡಿಯಂಗಿಲ್ಲ,” ಎಂದರು.

ಶಶಿಕಲಾ ಕ್ಯಾಪ್ಟನ್ ಆದವಳು ತತ್ತಿ ತರಬೇಕೇ ಎಂದು ಮುಖ ಊದಿಸಿಕೊಂಡಳು. ಅವಳ ಮನೆಯಲ್ಲಿ ತತ್ತಿ ಮುಟ್ಟುವುದಿಲ್ಲವಂತೆ. ಮುಟ್ಟಬಾರದ್ದು ಅವಳಿಗೂ ಒಂದಿದೆ ಎಂದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು.

ಫೆಬ್ರವರಿ ೨, ಭಾನುವಾರ

ನಾಚಿಕೆಯಿಂದ ಸಾಯುವಂತಾಯಿತು. ಇಬ್ಬರು ದೊಡ್ಡ ಹೆಂಗಸರು ಶಾಲೆಗೆ ಹೋಗುವ ಮಕ್ಕಳಂತೆ ಕೈ ಹಿಡಿದು ಬಜಾರದಲ್ಲಿ. ಬಳೆ ಅಂಗಡಿಯವರು ಹೊರಗೆ ಬಂದು ನೋಡಿದರು.

ಎದುರಿಗೆ ಬಿಳಿ ಅಂಗಿಯ ಹಿರಿಯರೊಬ್ಬರು ಬಂದರು. ಕೈ ಬಿಟ್ಟು ಮೋರಿಯ ಬದಿಗೆ ಹೋಗಿ ನಿಂತಿದ್ದೆ.

“ಯಾಕ ಬಿಟ್ಟಿ?” ಎಂದಳು ಶಶಿಕಲಾ.

“ಎದುರಿಗೆ ಮಂದಿ ಬಂದ್ರು.”

“ಬಂದ್ರ? ಬಜಾರದಾಗ ಮಂದಿ ಬರ್ಲಾರ್ದ ಎಮ್ಮಿ ಬರ್ತಾವೇನು?”

ನಗು ಬಂತು, ತಡೆದುಕೊಂಡೆ. ಅವಳ ಮಾತಿಗೆ ನಗುವಷ್ಟು ಸಲಿಗೆ ಇನ್ನೂ ಇಲ್ಲ.

ಫೆಬ್ರವರಿ ೬, ಗುರುವಾರ

ತತ್ತಿ ಒಡೆದವು. ಸ್ಕೂಟರೊಂದು ಮೈಮೇಲೆ ಬಂದಂತೆ ಬಂತು. ನಾನು ನನ್ನ ಕಡೆ ಎಳೆದೆ, ಅವಳು ಬಿಡದೆ ಅವಳ ಕಡೆ ಎಳೆದಳು. ನಡುವೆ ತತ್ತಿಯ ಟ್ರೇ. ಹಳದಿ ಲೋಳೆ ಅವಳ ಕ್ಯಾಪ್ಟನ್ ಅಂಗಿಯ ಮೇಲೆಲ್ಲ ಇಳಿಯಿತು. ತತ್ತಿ ಮುಟ್ಟದ ಮನೆತನದವಳು ಮುಂಗೈವರೆಗೂ ತತ್ತಿಯಾಗಿ ನಿಂತಿದ್ದಳು. ಆದರೆ ಕೈ ಬಿಟ್ಟಿರಲಿಲ್ಲ. “ನಮ್ಮಜ್ಜಿ ಈಗ ನನ್ನ ನೋಡಿದ್ರ ನಂಗೂ ಕಾಗದದ ಕಪ್ಪೇ,” ಎಂದಳು. ಈ ಸಲ ನಕ್ಕುಬಿಟ್ಟೆ. ಅವಳೂ ನಕ್ಕಳು. ಸರಿಯಾಗಿ ನಗುತ್ತಾಳೆ, ಹಲ್ಲು ಕಾಣುವ ಹಾಗೆ.

ಫೆಬ್ರವರಿ ೧೧, ಮಂಗಳವಾರ

ಬಿಸಿಲು ಈಗಲೇ ಸುರುವಾಗಿದೆ. ಕೈ ಬೆವರಿ ಜಾರುತ್ತದೆ. ಬೆರಳಿಗೆ ಬೆರಳು ಹೆಣೆದು ಹಿಡಿದರೆ ಜಾರುವುದಿಲ್ಲ ಎಂದು ಶಶಿಕಲಾ ಕಂಡುಹಿಡಿದಳು. ತಂಡದಲ್ಲಿ ನಮಗೆ ತತ್ತಿ ಜೋಡಿ ಎಂದು ಹೆಸರು ಬಿದ್ದಿದೆ. ಅಂಗಡಿಯ ಶಾಕಿರ್ ಭಾಯಿ ನಾವು ತಿರುವಿನಲ್ಲಿ ಕಾಣುತ್ತಲೇ ಟ್ರೇ ಕಟ್ಟಿಡುತ್ತಾರೆ. ಬಜಾರದಲ್ಲಿ ಏನೂ ವಿಶೇಷ ಇಲ್ಲ.

ಫೆಬ್ರವರಿ ೧೬, ಭಾನುವಾರ

ಇವತ್ತು ಬಳ್ಳಾರಿಯ ಮೇಲೆ ಪಂದ್ಯ. ಅರ್ಧ ಆಟ ಮುಗಿದ ಮೇಲೆ ಸರ್ ನನ್ನ ಕಡೆ ನೋಡಿ ಗದ್ದ ಎತ್ತಿದರು. ಅಷ್ಟೇ. ಬೆಂಚಿನಿಂದ ಎದ್ದದ್ದು ನೆನಪಿದೆ, ಅಂಕಣದವರೆಗೆ ನಡೆದದ್ದು ನೆನಪಿಲ್ಲ.

ಮೂರು ಸಲ ಹಗ್ಗ ಹಾಕಿದೆವು, ಮೂರು ಸಲವೂ ನಿಂತಿತು. ಕೊನೆಯದರಲ್ಲಿ ರೈಡರ್‌ಳ ಭುಜ ನನ್ನ ಎದೆಗೇ ಬಡಿಯಿತು. ಉಸಿರು ಹೋಯಿತು, ಕೈ ಹೋಗಲಿಲ್ಲ. ಗೆದ್ದೆವು. ಊಟ ಮಾಡುವಷ್ಟು ಹೊತ್ತೂ ತಾಳದೆ ಅವ್ವನಿಗೆ ಫೋನು ಮಾಡಿದೆ. “ಆಡಾಕತ್ತೀನಂತ ಮೊದ್ಲ ಹೇಳಿದ್ಯಲ್ಲಾ?” ಎಂದಳು. ಹೌದವ್ವಾ, ಈಗ ನಿಜವಾಗಿ ಆಡಾಕತ್ತೀನಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಫೆಬ್ರವರಿ ೨೩, ಭಾನುವಾರ

ಬಲ ಮೊಣಕಾಲು ಊದಿದೆ. ಮಾನ್ವಿಯ ಕಾಲೇಜಿನವರು ಕರೆದಿದ್ದರು, ಅದು ಮುಗಿಸಿ ಮತ್ತೆ ಪೋತ್ನಾಳದಲ್ಲಿ ಊಟ. ಕಾಲು ಸಿಡಿಯುತ್ತಿತ್ತು. ಸೀದಾ ಪಡಸಾಲೆಗೆ ಹೋಗಿ ಫ್ಯಾನಿನ ಕೆಳಗೆ ಗೋಡೆಗೆ ಒರಗಿ ಕಾಲು ಚಾಚಿಬಿಟ್ಟೆ. ಶಶಿಕಲಾಳ ಅಜ್ಜಿ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು, ಯಾಕೋ ಗೊತ್ತಿಲ್ಲ. ಶಶಿಕಲಾ ಒಳಗಿನಿಂದ ಲೋಟದಲ್ಲಿ ಮಜ್ಜಿಗೆ ತಂದು ಅಜ್ಜಿಯ ಕೈಗೆ ಕೊಟ್ಟಳು. “ಕೊಡು, ನಮ್ಮ ಕಾರ್ನರ್‌ಗೆ ಕೊಡು,” ಎಂದಳು. ಮಜ್ಜಿಗೆಗೆ ಉಪ್ಪು ಕಡಿಮೆಯಾಗಿತ್ತು. ಕೇಳಿ ಹಾಕಿಸಿಕೊಂಡೆ. ಬರುವಾಗ ಅಜ್ಜಿ ಮೊಣಕಾಲಿಗೆ ಬೇವಿನ ಎಣ್ಣೆ ಹಚ್ಚಬೇಕು ಎಂದಳು. ಅವಳ ಮಾತಿನಲ್ಲಿ ಸಿಡುಕು ಇತ್ತು, ಹಿರಿಯರು ಔಷಧ ಹೇಳುವಾಗ ಇರುತ್ತದಲ್ಲ, ಅಂಥದ್ದು.

ಡಾಕ್ಟರು ವಿಶ್ರಾಂತಿ ಅಂತಾರೆ. ಸೆಮಿಫೈನಲ್ ಎದುರಿಗಿಟ್ಟುಕೊಂಡು ಎಂಥ ವಿಶ್ರಾಂತಿ.

ಮಾರ್ಚ್ ೪, ಮಂಗಳವಾರ

ಸೆಮಿಫೈನಲ್ ಗೆದ್ದೆವು. ರೋಜಾ ಸುರುವಾಗಿದೆ. ಕಹಕಶಾನ್ ಮತ್ತು ಪಾಷಾ ಸರ್ ದಿನವೆಲ್ಲ ಉಪವಾಸವಿದ್ದು, ಹೊತ್ತು ಮುಳುಗಿ ಮಗ್ರಿಬ್ ಆಜಾನ್ ಆಗುತ್ತಲೇ ಅಂಕಣದ ಪಕ್ಕದಲ್ಲೇ ಖರ್ಜೂರ ಬಾಯಿಗಿಟ್ಟುಕೊಂಡರು. ಪಂದ್ಯ ಆಮೇಲೆ. ಕಹಕಶಾನ್ ಕೈಗೆ ಸಿಕ್ಕ ಬಾಟಲಿಯನ್ನು ಗಟಗಟ ಖಾಲಿ ಮಾಡಿದಳು. ನೋಡಿದರೆ ನನ್ನದು. ನನಗೆ ಗುಟುಕೂ ಉಳಿಸಿರಲಿಲ್ಲ. ನಿನ್ನ ಬಾಟಲಿ ಎಲ್ಲಿ ಕಳಕೊಂಡೆ ಎಂದು ಬೈದೆ. ಕೆಂಪು ದಾರವೂ ಎಲ್ಲೋ ಬಿದ್ದುಹೋಗಿದೆ. ಈಗ ಎಲ್ಲ ಬಾಟಲಿಗಳೂ ಒಂದೇ ಥರ, ಯಾವುದು ಯಾರದ್ದೋ. ಪೆನ್ನಿನಲ್ಲಿ ಹೆಸರು ಬರೆಯಬೇಕು, ಇಲ್ಲದಿದ್ದರೆ ನಾನು ಬಾಯಾರಿ ಸಾಯಬೇಕು.

ಮಾರ್ಚ್ ೮, ಶನಿವಾರ

ಫೈನಲ್. ವಿಜಯಪುರದ ಮೇಲೆ.

ಕೊನೆಯ ರೈಡ್. ನಾವು ಒಂದೇ ಪಾಯಿಂಟು ಮುಂದೆ. ಅವರ ಉದ್ದ ಕಾಲಿನ ಹುಡುಗಿ ಬಂದಳು. ಬಂದವಳೇ ಸೀದಾ ನನ್ನ ಮೂಲೆಗೆ. ಎಡ ಮೊದಲು ಸಡಿಲ ಇತ್ತು ಎಂದು ಅವರಿಗೂ ಯಾರೋ ಹೇಳಿರಬೇಕು.

ಶಶಿಕಲಾ ಕೈ ಚಾಚಿದಳು. ಬೆರಳಿಗೆ ಬೆರಳು. ಆ ಹುಡುಗಿ ನಮ್ಮ ನಡುವೆ ಸಂದು ಹುಡುಕುತ್ತ ಪೂರ್ತಿ ವೇಗದಲ್ಲಿ ನುಗ್ಗಿದಳು. ಸಂದು ಇರಲಿಲ್ಲ. ಮೂವರೂ ಒಂದೇ ಗಂಟಾಗಿ ನೆಲಕ್ಕೆ ಬಿದ್ದೆವು. ನನ್ನ ಮೊಣಕಾಲು ಕೆಳಗೆ, ಅವಳು ಮೇಲೆ, ಮೇಲಿನಿಂದ ಕಹಕಶಾನ್ ಬಂದು ಬಿದ್ದಳು. ಸೀಟಿ ಕೇಳಿಸಿತು. ಎಷ್ಟೋ ಹೊತ್ತು ಯಾರೂ ಎಬ್ಬಿಸಲಿಲ್ಲ, ಎಲ್ಲರೂ ಕುಣಿಯುತ್ತಿದ್ದರು.

“ಬಿಡು ಇನ್ನ, ಗೆದ್ದೀವಿ,” ಎಂದಳು ಶಶಿಕಲಾ. ಆಗ ನೋಡಿದೆ, ಇನ್ನೂ ಹಿಡಿದೇ ಇದ್ದೆ.

ಪಾಷಾ ಸರ್ ಟೋಪಿ ತೆಗೆದು ಮುಖ ಒರೆಸಿಕೊಂಡರು. ಬೆವರು ಅಂದರು. ಮುಂದಿನ ಎರಡು ಸೀಸನ್ನಿಗೂ ಎಡ ಕಾರ್ನರ್ ನಿನ್ನದೇ, ಮಾಲಕರ ಜೊತೆ ಮಾತಾಗಿದೆ ಅಂದರು. ಆಮೇಲೆ, ಮಟಮಾರಿಯ ರೇಣುಕಾಳನ್ನೂ ಮತ್ತೆ ಕರೆಸುತ್ತೇನೆ, ಹೋದ ವರ್ಷ ನಾನೇ ಅವಳ ಪರ ಗಟ್ಟಿ ನಿಲ್ಲಲಿಲ್ಲ ಅಂದರು. ನಾನು ತತ್ತಿ ತರುವುದು ಇನ್ನು ಯಾರ ಪಾಳಿ ಎಂದು ಕೇಳಿದೆ.

ಎದೆಯ ಮೇಲಿನ ಕಲ್ಲು ಇಳಿದಂತಿದೆ. ಇಷ್ಟು ದಿನ ಅದು ಅಲ್ಲಿತ್ತು ಎಂಬುದೇ ಮರೆತುಹೋಗಿತ್ತು. ನಿದ್ದೆ ಬರುತ್ತಿದೆ.

ಮಾರ್ಚ್ ೧೨, ಬುಧವಾರ. ಊರು

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಬಂದೆ. ದೇವದುರ್ಗದಿಂದ ಊರವರೆಗೂ ರಸ್ತೆಯ ಗುಂಡಿಯೆಲ್ಲ ಮೊಣಕಾಲಿನಲ್ಲೇ ಲೆಕ್ಕವಾಯಿತು. ಶಾಲೆಯ ಅಂಗಳದಲ್ಲಿ ಸನ್ಮಾನ ಇಟ್ಟಿದ್ದರು. ಟಿವಿಯಲ್ಲಿ ಪಂದ್ಯ ಬಂದಿತ್ತಲ್ಲ, ಅದಕ್ಕೆ. ಅವ್ವ ಎಲ್ಲರಿಗಿಂತ ಹಿಂದೆ, ಬೇವಿನ ಮರದ ಕೆಳಗೆ ನಿಂತಿದ್ದಳು. ಮುಂದೆ ಬಾ ಎಂದರೂ ಬರಲಿಲ್ಲ.

ಶಾಲು ಹೊದಿಸಲು ಗೌಡರನ್ನು ಕರೆದರು. ಅವರು ಶಾಲಿನ ತುದಿ ಹಿಡಿದು, ತೋಳು ಉದ್ದ ಮಾಡಿ, ದೂರದಿಂದಲೇ ನನ್ನ ಭುಜದ ಮೇಲೆ ಬಿಡಲು ಬಂದರು. ಪಕ್ಕದಿಂದ ಕೈ ಬಂದರೆ ಕಾರ್ನರ್ ಏನು ಮಾಡುತ್ತಾಳೆ? ಹಿಡಿದೆ. ಅಂಗೈಗೆ ಅಂಗೈ. ಅಷ್ಟರಲ್ಲಿ ಫೋಟೋದವನು “ಹಂಗ ಇರ್ರಿ, ಹಂಗ ಇರ್ರಿ” ಎಂದ. ಅವನ ಕ್ಯಾಮೆರಾ ಏನೋ ಕೆಟ್ಟಿತ್ತು, ಬಹಳ ಹೊತ್ತು ತೆಗೆದುಕೊಂಡ.

“ಬಿಡವಾ,” ಎಂದರು ಗೌಡರು, ಮೆಲ್ಲಗೆ.

“ಫೋಟೋ ಆಗ್ಲಿ ತಡೀರಿ ಗೌಡ್ರ,” ಎಂದೆ.

ಅಂಗಳದಲ್ಲಿ ಎಲ್ಲರೂ ಯಾಕೋ ನಮ್ಮ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನಮ್ಮ ಕೇರಿಯವರ ಕಡೆಯಿಂದ ಒಂದು ಚಪ್ಪಾಳೆ ಬಂತು, ಆಮೇಲೆ ಬಹಳ ಬಂದವು. ಗೌಡರಿಗೆ ವಯಸ್ಸಾಗಿದೆ ಪಾಪ, ಕೈ ತಣ್ಣಗಿತ್ತು.

ಮನೆಗೆ ಬಂದ ಮೇಲೆ ಅವ್ವ ಎಣ್ಣೆ ಕಾಯಿಸಿಕೊಂಡು ಬಂದು ಎದುರಿಗೆ ಕೂತಳು. “ಗೌಡ್ರ ಕೈ ಹಿಡದ್ಯಲ್ಲ ದುರ್ಗಿ,” ಎಂದಳು.

“ಅವ್ರು ಮುಂದ ಮಾಡಿದ್ರು, ಹಿಡದೆ. ಏನಾತು?”

ಅವ್ವ ನಕ್ಕಳು. ಕಣ್ಣಲ್ಲಿ ನೀರೂ ಇತ್ತು, ಎಣ್ಣೆಯ ಹೊಗೆ ಅಂದುಕೊಂಡೆ. ಬೊಗಸೆಯಲ್ಲಿ ಎಣ್ಣೆ ತೆಗೆದುಕೊಂಡು ನನ್ನ ಅಂಗೈಗೆ ಹಚ್ಚತೊಡಗಿದಳು. ಬೆರಳು ಬೆರಳಿಗೂ ಹಚ್ಚಿದಳು, ಸಂದು ಸಂದಿಗೂ ಹಚ್ಚಿದಳು.

“ನೋವು ಮೊಣಕಾಲಿಗೆ ಬೇ, ಕೈಗಲ್ಲ,” ಎಂದೆ.

ಅವಳು ಕೇಳಿಸಿಕೊಳ್ಳಲಿಲ್ಲ. ಕೈಯನ್ನೂ ಬಿಡಲಿಲ್ಲ.